ಭಂಡಾರ ಮುಟ್ಟಿದ ವೋಟು

ಈರಬಸಪ್ಪ ಮಾಸ್ತರರಿಗೆ ಹೊಟ್ಟೆಕಿಚ್ಚು ಮೊದಲಿನಿಂದ ಇದ್ದ ಜಡ್ಡಲ್ಲ. ಐವತ್ತಾರು ತುಂಬುವವರೆಗೆ ಅವರಿಗೆ ಆ ಪ್ರಸಂಗವೇ ಬಂದಿರಲಿಲ್ಲ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಲು ಇದ್ದವರೇ ಅವರೊಬ್ಬರು. ಒಬ್ಬನೇ ಓಡುವ ಓಟದಲ್ಲಿ ಎರಡನೇ ನಂಬರು ಯಾರಿಗೂ ಬರುವುದಿಲ್ಲ.

ಶಾಲೆ ಇದ್ದದ್ದು ಸಂಶಿಯಿಂದ ಒಳದಾರಿ ಹಿಡಿದರೆ ಸಿಗುವ ಒಂದು ಊರಿನಲ್ಲಿ. ಅಲ್ಲಿನ ಒಂಬತ್ತನೇ ಇಯತ್ತೆಯ ಕೋಣೆಯಲ್ಲಿ ಒಂದು ಗಾಜಿನ ಕಪಾಟು. ಅದರೊಳಗೆ ಥರ್ಮೊಕೋಲಿನ ಸಂಸತ್ ಭವನ, ಮಣ್ಣಿನಲ್ಲಿ ಮಾಡಿದ ಹರಪ್ಪಾ ಪಟ್ಟಣ, ಸೋಪಿನಲ್ಲಿ ಕೊರೆದ ಸಿಂಹಗಳು, ಬಣ್ಣದ ದಾರ ಅಂಟಿಸಿದ ದಂಡಿ ಯಾತ್ರೆಯ ನಕಾಶೆ, ಹಲಗೆಯ ಮೇಲೆ ಎನಾಮಲ್ ಬಣ್ಣದಲ್ಲಿ ಬರೆದ ಸಂವಿಧಾನದ ಪೀಠಿಕೆ. ಎಲ್ಲ ಮಾಸ್ತರರದೇ ಕೈಕೆಲಸ. ಕೈ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಕಪಾಟಿಗೆ ಕೀಲಿ, ಕೀಲಿಕೈ ಮಾಸ್ತರರ ಕಿಸೆಯಲ್ಲಿ. ಪಾಠದ ದಿನ ಸಂಸತ್ ಭವನವನ್ನು ಎರಡೂ ಕೈಯಿಂದ ಹಸುಗೂಸನ್ನು ಎತ್ತಿದಂತೆ ಎತ್ತಿ ಮೇಜಿನ ಮೇಲಿಡುತ್ತಿದ್ದರು. "ಕಣ್ಣೀಲೆ ನೋಡ್ರಿ, ಕೈಲೆ ಅಲ್ಲ" ಎನ್ನುತ್ತಿದ್ದರು. ಮಕ್ಕಳು ಕಣ್ಣಿನಿಂದ ನೋಡುತ್ತಿದ್ದರು, ಆಕಳಿಸುತ್ತಿದ್ದರು, ಗಂಟೆ ಹೊಡೆಯುತ್ತಿತ್ತು, ಸಂಸತ್ತು ಮತ್ತೆ ಕಪಾಟು ಸೇರುತ್ತಿತ್ತು.

ವರ್ಷಕ್ಕೊಮ್ಮೆ ಮಾತ್ರ ಆ ಕಪಾಟು ಖಾಲಿಯಾಗುವುದು. ಕುಂದಗೋಳದಲ್ಲಿ ಕಲಿಕೋಪಕರಣ ಪ್ರದರ್ಶನ ನಡೆಯುತ್ತದೆ. ತಾಲೂಕಿನ ಮಾಸ್ತರರೆಲ್ಲ ಪಾಠಕ್ಕೆಂದು ತಾವು ಮಾಡಿದ ಸಾಮಾನುಗಳನ್ನು ಮೇಜಿನ ಮೇಲೆ ಹರವಿ, ಬಂದವರಿಗೆ ವಿವರಿಸುವ ದಿನ. ಮಾಸ್ತರರು ಆ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಸಾಮಾನುಗಳನ್ನು ಹಾಸಿಗೆ ಚಾದರದಲ್ಲಿ ಸುತ್ತಿ, ಟಂಟಂ ಗಾಡಿಯಲ್ಲಿ ಮುಂದೆ ಕೂತು ಹೋಗುತ್ತಿದ್ದರು. ಎರಡು ಸಲ ದ್ವಿತೀಯ ಬಹುಮಾನ ಬಂದಿತ್ತು. ಬಾಜು ಊರಿನ ಮಾಸ್ತರರು ಬಂದು, "ಏನ್ರಿ ಈರಬಸಪ್ಪನವರ, ಈ ಸಲಾ ಏನ್ ತಂದೀರಿ?" ಎಂದು ಕೇಳುವುದಿತ್ತಲ್ಲ, ಅದಕ್ಕಾಗಿ ಅವರು ವರ್ಷವಿಡೀ ಕಾಯುತ್ತಿದ್ದರು. ಮದುವೆ ಮನೆಯಲ್ಲಿ ಬೀಗರಿಗೆ ಸಿಗುವ ಮರ್ಯಾದೆ ಅವರಿಗೆ ವರ್ಷಕ್ಕೊಮ್ಮೆ ಅಲ್ಲಿ ಸಿಗುತ್ತಿತ್ತು.

ಇಂಥವರ ಎದುರಿಗೆ ಜೂನ್ ತಿಂಗಳಲ್ಲಿ ಅರುಣಾ ಬಂದಳು.

ಮಕ್ಕಳ ಸಂಖ್ಯೆ ಹೆಚ್ಚಾಗಿ ಎರಡು ವರ್ಗ ಮಾಡಬೇಕಾದಾಗ ಹೆಡ್ ಮೇಡಂ ರೋಹಿಣಿಯವರು ಅತಿಥಿ ಶಿಕ್ಷಕಿಯೆಂದು ಅವಳನ್ನು ತೆಗೆದುಕೊಂಡರು. ಕಲಘಟಗಿ ಕಡೆ ಬಮ್ಮಿಗಟ್ಟಿಯವಳು, ಕುರಿ ಸಾಕುವ ಅಮೋಘಸಿದ್ದಪ್ಪನ ಮಗಳು. ಸಂಶಿಯಲ್ಲಿ ಒಂದು ಖೋಲಿ ಹಿಡಿದು ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಖಾಯಂ ಅಲ್ಲ, ಪೆನ್ಷನ್ ಇಲ್ಲ, ಬರುವ ವರ್ಷ ಇರುತ್ತಾಳೋ ಇಲ್ಲವೋ ಅದೂ ಗೊತ್ತಿಲ್ಲ. ಇಂಥವಳ ಮೇಲೆ ಏನು ಹೊಟ್ಟೆಕಿಚ್ಚುಪಡುವುದು ಎಂದು ನೀವು ಕೇಳಬಹುದು. ಮೊದಲ ತಿಂಗಳು ಮಾಸ್ತರರೂ ಹಾಗೆಯೇ ಅಂದುಕೊಂಡಿದ್ದರು. ಕೂಡಲಿಕ್ಕೆ ತಮ್ಮ ಪಕ್ಕದ ಕುರ್ಚಿ ಕೊಟ್ಟರು, ಬಿಸಿಲಿಗೆ ಬಂದಳೆಂದು ತಮ್ಮ ತತ್ರಾಣಿಯ ನೀರೂ ಕೊಟ್ಟರು. ಅವಳ ಬಳಿ ಕಪಾಟು ಇರಲಿಲ್ಲ, ಸಾಮಾನು ಇರಲಿಲ್ಲ. ಅಂಜಿಕೆ ಯಾಕೆ?

ಅಂಜಿಕೆ ಶುರುವಾದದ್ದು ಗೋಡೆಯ ಆಚೆಯಿಂದ. ಅವರ ಕೋಣೆಗೂ ಅವಳ ಕೋಣೆಗೂ ನಡುವೆ ಒಂದೇ ಗೋಡೆ. ಮಾಸ್ತರರು ಇಲ್ಲಿ ಪಂಚಾಯತಿ ವ್ಯವಸ್ಥೆಯ ಪಾಠ ಓದಿಸುತ್ತಿದ್ದರೆ ಅಲ್ಲಿ ಗದ್ದಲವೇ ಗದ್ದಲ. ಅರುಣಾ ಬೆಂಚುಗಳನ್ನು ಸುತ್ತಲೂ ತಿರುಗಿಸಿ ವರ್ಗವನ್ನೇ ಗ್ರಾಮಸಭೆ ಮಾಡಿದ್ದಳು. ಜುಲೇಖಾಬಿಯ ಮಗಳು ನಸ್ರೀನ್ ಅಧ್ಯಕ್ಷೆ. ಮಾಂತೇಶ ಎಂಬ ಹುಡುಗ ಎದ್ದುನಿಂತು, "ಅಧ್ಯಕ್ಷರ, ಸಾಲಿ ಮುಂದಿನ ನಳಕ್ಕ ನೀರು ಯಾಕ ಬರೂದಿಲ್ಲ?" ಎಂದು ಕೇಳಿದ. ಅಧ್ಯಕ್ಷೆಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲದ ಮೇಲೆ ನಿಜವಾದ ಪಂಚಾಯತಿಗೇ ಹೋಗಿ ಕೇಳೋಣ ಎಂದು ಮಕ್ಕಳೆಲ್ಲ ಸಾಲಾಗಿ ಹೋದರು. ವಾರದಲ್ಲಿ ನಳ ರಿಪೇರಿಯಾಯಿತು. ಮಾಸ್ತರರು ಆ ನಳದ ನೀರು ಕುಡಿದು ನೋಡಿದರು. ನೀರು ಸಿಹಿಯೇ ಇತ್ತು, ಅವರು ಮಾತ್ರ ಒಂದೇ ಗುಟುಕಿಗೆ ನಳ ಬಂದ್ ಮಾಡಿದರು.

ಆಮೇಲೆ ಅವರ ವರ್ಗದ ಮಕ್ಕಳು ಕಿವಿಯನ್ನು ಗೋಡೆಗೆ ಕೊಟ್ಟು ಕೂಡತೊಡಗಿದರು. ಆಚೆ ನಕ್ಕರೆ ಈಚೆಯ ಮುಖಗಳೂ ನಗುತ್ತಿದ್ದವು. ತಮ್ಮ ಪಾಠದಲ್ಲಿ ಕೂತು, ತಾವು ಹೇಳದ ಮಾತಿಗೆ ನಗುವ ಮಕ್ಕಳನ್ನು ನೋಡುವುದಕ್ಕಿಂತ ದೊಡ್ಡ ಶಿಕ್ಷೆ ಮಾಸ್ತರನಿಗೆ ಇನ್ನೊಂದಿಲ್ಲ. ಅವರಿಗೆ ಉರಿಯಿತು. ಎದೆಯಲ್ಲಲ್ಲ, ಸರಿಯಾಗಿ ಹೊಟ್ಟೆಯಲ್ಲಿ.

ಒಂದು ದಿನ ಅವಳು ರಜೆಯಲ್ಲಿದ್ದಾಗ ಏನೋ ನೆವ ಮಾಡಿಕೊಂಡು ಅವಳ ಕೋಣೆಗೆ ಹೋದರು. ಈ ಗೋಡೆಯಿಂದ ಆ ಗೋಡೆಗೆ ಒಂದು ಹಳೆಯ ಸೀರೆ ಕಟ್ಟಿದ್ದಳು. ಸೀರೆಯುದ್ದಕ್ಕೂ ಚೀಟಿಗಳು. ಕಾಲರೇಖೆಯಂತೆ ಅದು. ಒಂದು ಕಡೆ ಸ್ವಾತಂತ್ರ್ಯ ಬಂದದ್ದು, ಅದರ ಬಾಜುವಿಗೇ ಊರಿಗೆ ಕರೆಂಟು ಬಂದದ್ದು, ಮುಂದೆ ಸಂವಿಧಾನ ಜಾರಿಯಾದದ್ದು, ಅದರ ಕೆಳಗೆ "ನಮ್ಮ ಆಯಿ ರೇಣುಕವ್ವ ಹುಟ್ಟಿದ್ದು, ಅಂದಾಜು". ಕರೆಂಟಿನ ಚೀಟಿ ತಪ್ಪು ಜಾಗದಲ್ಲಿತ್ತು. ಮಾಸ್ತರರು ಸಂತೋಷದಿಂದ ಹತ್ತಿರ ಹೋಗಿ ನೋಡಿದರೆ ಕೆಳಗೆ ಮಕ್ಕಳೇ ಬರೆದಿದ್ದರು: "ಇದು ತಪ್ಪು, ನಾಳೆ ಸರಿ ಮಾಡೂಣು." ತಪ್ಪು ಹಿಡಿಯುವ ಸುಖವನ್ನೂ ಆ ಹುಡುಗಿ ಅವರಿಗೆ ಉಳಿಸಿರಲಿಲ್ಲ. ಹೊರಡಬೇಕೆನ್ನುವಾಗ ಸೀರೆಯ ಸೆರಗು ಕಣ್ಣಿಗೆ ಬಿತ್ತು. ಕೆಂಪು ಸೆರಗು, ತುದಿಯಲ್ಲಿ ಕರಟಿದ ಒಂದು ತೂತು. ದೀಪ ಹಚ್ಚುವಾಗ ಸುಟ್ಟ ತೂತು ಅದು, ಅವರಿಗೆ ಚೆನ್ನಾಗಿ ಗೊತ್ತು. ಅದು ಅವರ ಹೆಂಡತಿ ಶಿವಗಂಗವ್ವನ ಸೀರೆ.

ಮನೆಗೆ ಹೋಗಿ ಚಪ್ಪಲಿ ಬಿಡುವುದಕ್ಕೂ ಮೊದಲೇ ಕೇಳಿದರು. "ನಿನ್ನ ಇಳಕಲ್ ಸೀರಿ ಎಲ್ಲೈತಿ?"

ಶಿವಗಂಗವ್ವ ರೊಟ್ಟಿ ತಟ್ಟುತ್ತಿದ್ದಳು. ತಿರುಗಿ ನೋಡಲಿಲ್ಲ. "ಆ ಹುಡುಗಿಗೆ ಕೊಟ್ಟೇನ್ರಿ. ಸಾಲಿಗೆ ಬೇಕು ಅಂದ್ಲು. ಹರಕು ಸೀರಿ, ಟ್ರಂಕಿನ್ಯಾಗ ಕೊಳೀತಿತ್ತು."

"ನನ್ನ ಒಂದ್ ಮಾತು ಕೇಳಬೇಕಿತ್ತಲ್ಲ."

"ಸೀರಿ ಉಡಾವರು ನೀವೋ ನಾನೋ?" ಆಮೇಲೆ ರೊಟ್ಟಿಯನ್ನು ಹಂಚಿಗೆ ಹಾಕಿ, ಗಂಡನ ಮುಖ ನೋಡಿ, ದನಿ ಇಳಿಸಿದಳು. "ಅಲ್ರಿ, ಮಗಳ ವಯಸ್ಸಿನಾಕಿ. ಅಕಿ ಮ್ಯಾಲ ಏನ್ರಿ ನಿಮ್ಮ ಸಿಟ್ಟು?"

"ನನಗೇನ್ ಸಿಟ್ಟು. ಸಿಟ್ಟು ಪಿಟ್ಟು ಏನಿಲ್ಲ" ಎಂದರು ಮಾಸ್ತರರು. ಅಂದು ಎರಡೇ ರೊಟ್ಟಿ ತಿಂದು ಎದ್ದರು.

ದೀಪಾವಳಿ ಮುಗಿದ ಮೇಲೆ ಪ್ರದರ್ಶನದ ಆದೇಶ ಬಂತು. ಒಂದು ಶಾಲೆಯಿಂದ ಒಂದು ವಿಷಯಕ್ಕೆ ಒಬ್ಬರೇ ಬರಬೇಕು ಎಂದು ಅದರಲ್ಲಿತ್ತು. ಪ್ರತಿ ವರ್ಷವೂ ಇದ್ದ ಮಾತೇ. ಆದರೆ ಪ್ರತಿ ವರ್ಷ ಅದನ್ನು ಓದಬೇಕಾದ ಪ್ರಸಂಗ ಬಂದಿರಲಿಲ್ಲ. ರೋಹಿಣಿ ಮೇಡಂ ಇಬ್ಬರನ್ನೂ ಆಫೀಸಿಗೆ ಕರೆದರು.

"ಸರ್, ನೀವು ಹಿರೇರು. ಆದ್ರ ಅರುಣಾನ ಸಾಮಾನೂ ಛಲೋ ಅದಾವು. ಯಾರನ್ನ ಕಳಸೂದು ನೀವಿಬ್ರೂ ಹೇಳ್ರಿ."

ಅರುಣಾ ಕೂಡಲೇ, "ಸರ್ ಅವರ ಹೋಗ್ಲಿ ಬಿಡ್ರಿ ಮೇಡಂ" ಅಂದಳು.

ಅಲ್ಲಿಗೆ ಸುಮ್ಮನಾಗಿದ್ದರೆ ಮಾಸ್ತರರು ಬಿಳಿ ಅಂಗಿ ತೊಟ್ಟು ಹೋಗಿಬಂದು ಸುಖವಾಗಿರುತ್ತಿದ್ದರು. ಆದರೆ ಹೊಟ್ಟೆಕಿಚ್ಚಿನವನಿಗೆ ದಾನ ಬಂದರೆ ಬೆಂಕಿಗೆ ಎಣ್ಣೆ ಬಿದ್ದ ಹಾಗೆ. ಬಿಟ್ಟುಕೊಡುವಷ್ಟು ದೊಡ್ಡವಳಾದಳೇ ಇವಳು ಎಂದು ಅವರಿಗೆ ಮೈಯೆಲ್ಲ ಉರಿಯಿತು. "ಯಾರ ಭಿಕ್ಷಾನೂ ನನಗ ಬ್ಯಾಡ್ರಿ. ಕಲಿಯಾವ್ರು ಮಕ್ಕಳು. ಅವ್ರ ಹೇಳ್ಲಿ" ಎಂದುಬಿಟ್ಟರು. ಮಾತು ಬಾಯಿಂದ ಹೊರಬಿದ್ದ ಮೇಲೆ ಮಕ್ಕಳು ಏನು ಹೇಳುತ್ತಾರೆ ಎಂಬ ನೆನಪಾಯಿತು. ಅಷ್ಟರಲ್ಲಿ ಮೇಡಂ ಖುಷಿಯಾಗಿದ್ದರು. ಅರುಣಾಳ ವರ್ಗದವರು ರಟ್ಟಿನ ಡಬ್ಬಿಯಲ್ಲಿ ಮತಯಂತ್ರ ಮಾಡಿದ್ದಾರಲ್ಲ, ಅದರಲ್ಲೇ ಒಂಬತ್ತನೆಯ ಮಕ್ಕಳು ವೋಟು ಹಾಕಲಿ, ಚುನಾವಣೆಯ ಪಾಠವೂ ಆಯಿತು ಎಂದರು. ಬರುವ ಬುಧವಾರ ಎಂದು ದಿನವೂ ಗೊತ್ತಾಯಿತು.

ಮತಯಂತ್ರ ಎಂದರೆ ಅದೇನು ದೊಡ್ಡ ಯಂತ್ರವಲ್ಲ. ಟಿವಿ ಬಂದ ರಟ್ಟಿನ ಡಬ್ಬಿ. ಒಂದೊಂದು ಹೆಸರಿನ ಮುಂದೆ ಒಂದೊಂದು ಒತ್ತುಗುಂಡಿ. ಒತ್ತಿದರೆ ಪೀಂ ಎಂದು ಸದ್ದಾಗಿ, ಒಳಗೆ ಒಂದು ಕಡಲೆಕಾಳು ಆ ಹೆಸರಿನ ಗಾಜಿನ ಭರಣಿಗೆ ಬೀಳುತ್ತದೆ. ಸುತ್ತಲೂ ರಟ್ಟಿನ ಮರೆ. ಯಾರು ಯಾರಿಗೆ ಹಾಕಿದರೆಂದು ದೇವರಿಗೂ ಗೊತ್ತಾಗುವುದಿಲ್ಲ ಎಂದು ಮಾಂತೇಶ ಜಂಬದಿಂದ ಹೇಳುತ್ತಿದ್ದ.

ದೇವರಿಗೂ ಗೊತ್ತಾಗುವುದಿಲ್ಲ ಎಂಬ ಆ ಮಾತೇ ಮಾಸ್ತರರ ತಲೆಯಲ್ಲಿ ಕೂತಿತು.

ಆ ಊರಲ್ಲಿ ಬೀರಪ್ಪನ ಗುಡಿಯ ಭಂಡಾರ ಎಂದರೆ ಕೋರ್ಟಿಗಿಂತ ಮೇಲು. ನೋಡಲಿಕ್ಕೆ ಅರಿಷಿಣದ ಪುಡಿ. ಆದರೆ ಅದನ್ನು ಮುಟ್ಟಿ ಹೇಳಿದ ಮಾತನ್ನು ಯಾರೂ ತಪ್ಪುವುದಿಲ್ಲ, ಯಾವ ಜಾತಿಯವರಾಗಲಿ. ಹೊಲದ ಬದುವಿನ ತಂಟೆ ಅಲ್ಲೇ ತೀರುತ್ತದೆ, ಕುರಿ ಕಳುವಾದದ್ದೂ ಅಲ್ಲೇ ತೀರುತ್ತದೆ. ಪಂಚಾಯತಿ ಇಲೆಕ್ಷನ್ ಬಂದರೆ ನಿಂತವರು ಓಣಿ ಓಣಿಯವರನ್ನು ಕರೆತಂದು ಭಂಡಾರ ಮುಟ್ಟಿಸಿ ವೋಟು ಗಟ್ಟಿ ಮಾಡಿಕೊಳ್ಳುತ್ತಾರೆ. ಇದರ ವಿರುದ್ಧ ಮಾಸ್ತರರು ವರ್ಷಗಟ್ಟಲೆ ಪಾಠ ಮಾಡಿದ್ದರು. ಆಣೆ ಹಾಕಿಸಿದ ವೋಟು ವೋಟೇ ಅಲ್ಲ, ಅದು ಪ್ರಜಾಪ್ರಭುತ್ವದ ಕುತ್ತಿಗೆ ಹಿಚುಕಿದ ಹಾಗೆ ಎಂದು ಮೇಜು ಕುಟ್ಟಿ ಹೇಳುತ್ತಿದ್ದರು. ರೋಗ ಗೊತ್ತಿದ್ದ ವೈದ್ಯನಿಗೆ ವಿಷವೂ ಗೊತ್ತಿರುತ್ತದೆ.

ಗುಡಿಯ ಪೂಜಾರಿಯ ಮಗ ಬೀರಲಿಂಗ ಅವರದೇ ವರ್ಗದಲ್ಲಿದ್ದ. ಸಂಭಾವಿತ ಹುಡುಗ, ಓದಿನಲ್ಲಿ ಅಷ್ಟಕ್ಕಷ್ಟೆ. ಶನಿವಾರ ಶಾಲೆ ಬಿಟ್ಟ ಮೇಲೆ ಮಾಸ್ತರರು ಅವನನ್ನು ಕಪಾಟಿನ ಹತ್ತಿರ ನಿಲ್ಲಿಸಿಕೊಂಡರು. ಮೊದಲು ಅವನ ಪ್ರಾಜೆಕ್ಟ್ ಅಂಕಗಳ ಮಾತು ತೆಗೆದರು. ಅವನದಷ್ಟೇ ಅಲ್ಲ, ಎರಡೂ ವರ್ಗದವರ ಆ ಅಂಕ ಹಾಕುವವರು ತಾವೇ ಎಂಬುದು ಅವನಿಗೆ ಗೊತ್ತಿದೆಯೋ ಇಲ್ಲವೋ ಎಂದು ಕೇಳಿದರು. ಗೊತ್ತಿತ್ತು. ಆಮೇಲೆ ವಿಷಯಕ್ಕೆ ಬಂದರು.

"ನಾಳೆ ಐತವಾರ. ಎರಡೂ ವರ್ಗದಾವ್ರನ್ನೆಲ್ಲಾ ಗುಡಿಗೆ ಕರಕೊಂಡು ಹೋಗು. ಭಂಡಾರ ಮುಟ್ಟಿ ಒಂದ್ ಮಾತು ಹೇಳಬೇಕು."

"ಏನಂತರಿ ಸರ್?"

"ಅರುಣಾ ಟೀಚರಿಗೆ ವೋಟ್ ಹಾಕೂದಿಲ್ಲ ಅಂತ."

ಹುಡುಗ ನೆಲ ನೋಡಿದ. "ಅವ್ರಿಗೆ ಯಾಕ ಹಾಕಬಾರದರಿ?"

"ಅವ್ರು ಈಗ ಬಂದಾವ್ರು, ಮುಂದಿನ ವರ್ಷ ಹೋಗಲೂಬಹುದು. ನೀ ಹೆಚ್ಚಿಗಿ ಕೇಳಬ್ಯಾಡ. ಮುಟ್ಟದಾವ್ರ ಅಂಕಾನೂ ನನ್ನ ಕೈಯಾಗ ಅದಾವು ಅಂತ ಹೇಳು. ದೊಡ್ಡಾವ್ರ ಮುಂದ ಮಾತ್ರ ಬಾಯಿ ಬಿಡಬ್ಯಾಡ."

ಬೀರಲಿಂಗ ಹೂಂ ಅಂದ. ಮರುದಿನ ಸಂಜೆ ಮಾಸ್ತರರು ಗುಡಿಯ ಎದುರಿನ ಚಹಾದ ಅಂಗಡಿಯಲ್ಲಿ ಪೇಪರ್ ಹಿಡಿದು ಕೂತರು. ಓದಿದ್ದು ಒಂದಕ್ಷರವೂ ಇಲ್ಲ. ಮಕ್ಕಳು ಬಂದರು, ಒಬ್ಬೊಬ್ಬರಾಗಿ ಒಳಗೆ ಹೋದರು, ಬಲಗೈ ಹಳದಿ ಮಾಡಿಕೊಂಡು ಹೊರಬಂದರು. ಮಾಂತೇಶನೂ ಹೋದ. ನಸ್ರೀನ್ ಹೊಸ್ತಿಲ ಹೊರಗೆ ನಿಂತು ತಟ್ಟೆ ತರಿಸಿಕೊಂಡು ಮುಟ್ಟಿದಳು. ಅವಳ ಮನೆಯವರೂ ಆ ಭಂಡಾರಕ್ಕೆ ನಡೆದುಕೊಳ್ಳುವವರೇ. ಹೊರಗೆ ಬಂದ ಮೇಲೆ ಯಾರೂ ಗದ್ದಲ ಮಾಡಲಿಲ್ಲ. ಆಟವಾಡುತ್ತ ಬಂದ ಮಕ್ಕಳು ಮುದುಕರಂತೆ ನಡೆದು ಮನೆಗೆ ಹೋದರು.

ಅದನ್ನು ನೋಡಿ ಮಾಸ್ತರರಿಗೆ ಒಂದು ಗಳಿಗೆ ಏನೋ ಆಯಿತು. ಮರುಗಳಿಗೆ ಅರುಣಾಳ ಭರಣಿ ನೆನಪಾಯಿತು. ಒಂದು ಕಾಳೂ ಇಲ್ಲದ ಭರಣಿ, ಅದನ್ನು ಎತ್ತಿ ನೋಡುತ್ತಿರುವ ಅವಳ ಮುಖ. ಎಷ್ಟೋ ತಿಂಗಳ ಮೇಲೆ ಅವರಿಗೆ ಹೊಟ್ಟೆ ತಂಪಾಯಿತು. ಅಂಗಡಿಯವನಿಗೆ ಇನ್ನೊಂದು ಚಹಾ ಹೇಳಿ, ಮಿರ್ಚಿ ಭಜಿಯನ್ನೂ ತಿಂದರು.

ಮಂಗಳವಾರ ಅರುಣಾ ಎರಡೂ ವರ್ಗದ ಒಂಬತ್ತನೆಯವರನ್ನು ಸೇರಿಸಿ ಚುನಾವಣೆಯ ಪಾಠ ಮಾಡಿದಳು. ಮಾಸ್ತರರು ಆ ಕಡೆ ಹೋಗಲಿಲ್ಲ. ಕಪಾಟಿನ ಸಾಮಾನು ಒರೆಸುತ್ತ ಕೂತಿದ್ದರು. ಗೋಡೆಯಾಚೆ ಅವಳ ದನಿ ಏರಿ ಇಳಿಯುವುದು ಕೇಳಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಪಾಠ ಮುಗಿದ ಮೇಲೆ ಮಕ್ಕಳು ನಳದ ಹತ್ತಿರ ಗುಂಪಾಗಿ ಬಹಳ ಹೊತ್ತು ಪಿಸಪಿಸ ಮಾತಾಡಿದರು. ಅಳುಮುಖ ಹೊತ್ತು ಎರಡು ದಿನ ತಿರುಗಿದ್ದ ಮಾಂತೇಶ ಅಲ್ಲಿಂದ ನಗುತ್ತ ಓಡಿದ. ಇವನಿಗೇನು ಬಂತು ನಗು ಎಂದು ಮಾಸ್ತರರು ಅಂದುಕೊಂಡರು, ಅಷ್ಟೇ.

ಬುಧವಾರ ಬೆಳಿಗ್ಗೆ ಬಿಳಿ ಅಂಗಿ ತೊಟ್ಟುಕೊಂಡೇ ಶಾಲೆಗೆ ಬಂದರು. ಡಬ್ಬಿಯನ್ನು ಮೇಜಿನ ಮೇಲೆ ಇಟ್ಟಿದ್ದರು. ಹತ್ತಿರ ಹೋಗಿ ನೋಡಿದರೆ ಗುಂಡಿಗಳು ಮೂರು. ಮೊದಲನೆಯದರ ಮುಂದೆ ಈರಬಸಪ್ಪ ಸರ್. ಎರಡನೆಯದರ ಮುಂದೆ ಅರುಣಾ ಟೀಚರ್. ಮೂರನೆಯದರ ಮುಂದೆ ದಪ್ಪ ಅಕ್ಷರದಲ್ಲಿ: ಮೇಲಿನ ಯಾರೂ ಅಲ್ಲ.

"ಇದೇನ್ರಿ ಇದು?" ಎಂದರು ಮಾಸ್ತರರು.

"ನೋಟಾ ರೀ, ಸರ್" ಎಂದಳು ಅರುಣಾ. "ನಿನ್ನೆ ಪಾಠದಾಗ ಹೇಳಿದೆ. ಖರೇ ಮಷೀನಿನ್ಯಾಗ ಇರತೈತಲ್ರಿ, ಇದರಾಗೂ ಇರಬೇಕು. ಇಲ್ಲಾಂದ್ರ ಮಕ್ಕಳಿಗೆ ಅರ್ಧಾ ಕಲಿಸಿದಂಗ ಆಗತೈತಿ."

ಮಾಸ್ತರರು ಮೂರನೆಯ ಸಾಲನ್ನು ಮತ್ತೊಮ್ಮೆ ಓದಿದರು. ಆದರೂ ಧೈರ್ಯ ತಂದುಕೊಂಡರು. ಇಬ್ಬರಲ್ಲಿ ಒಬ್ಬರಿಗೆ ಹಾಕದಿದ್ದರೆ ಇನ್ನೊಬ್ಬರಿಗೆ ಹಾಕುತ್ತಾರೆ, ಅದು ಲೋಕರೂಢಿ. ಯಾರಿಗೂ ಬೇಡದ ಗುಂಡಿಯನ್ನು ಮಕ್ಕಳು ಯಾಕೆ ಒತ್ತುತ್ತವೆ?

ಮಕ್ಕಳು ಸಾಲಾಗಿ ಬಂದರು. ಬೆರಳಿಗೆ ಮಸಿ ಹಚ್ಚಿಸಿಕೊಂಡು, ಮರೆಗೆ ಹೋಗಿ, ಪೀಂ ಎನಿಸಿ ಹೊರಬಂದರು. ಯಾರ ಮುಖದಲ್ಲೂ ಏನೂ ಓದಲಾಗಲಿಲ್ಲ. ಬೀರಲಿಂಗ ಒಬ್ಬನ ಕಿವಿ ಮಾತ್ರ ಕೆಂಪಾಗಿತ್ತು. ಎಲ್ಲ ಮುಗಿದ ಮೇಲೆ ರೋಹಿಣಿ ಮೇಡಂ ಡಬ್ಬಿ ತೆಗೆದು ಭರಣಿಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟರು.

ಎಣಿಸುವ ತೊಂದರೆಯೇ ಇರಲಿಲ್ಲ. ಮಾಸ್ತರರ ಭರಣಿಯ ತಳದಲ್ಲಿ ಒಂದು ಕಡಲೆಕಾಳು. ಅರುಣಾಳ ಭರಣಿ ಖಾಲಿ. ಮೂರನೆಯದರಲ್ಲಿ ಉಳಿದ ಕಾಳೆಲ್ಲ.

ಮಾಸ್ತರರು ಅರುಣಾಳ ಮುಖ ನೋಡಿದರು. ಚಹಾದ ಅಂಗಡಿಯಲ್ಲಿ ಕೂತು ಕಲ್ಪಿಸಿಕೊಂಡ ಮುಖವೇ ಅದು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ತುಟಿ ಕಚ್ಚಿ ಹಿಡಿದು, ಖಾಲಿ ಭರಣಿಯ ಬಾಯಿಗೆ ಕಣ್ಣು ನೆಟ್ಟಿದ್ದಳು. ಬೇಕೆಂದು ಬಯಸಿದ್ದು ಎದುರಿಗೇ ನಿಂತಿತ್ತು. ಆದರೆ ಅದರ ರುಚಿ ನೋಡಲು ಅವರಿಗೆ ಪುರಸೊತ್ತು ಸಿಗಲಿಲ್ಲ. ಮೂರನೆಯ ಭರಣಿ ಅವರನ್ನೂ ನೋಡುತ್ತಿತ್ತು.

ರೋಹಿಣಿ ಮೇಡಂಗೆ ಪೇಚಾಯಿತು. "ಈಗ ಏನ್ ಮಾಡಬೇಕ್ರಿ ಸರ್? ಕಾಯ್ದೆ ಏನ್ ಹೇಳತೈತಿ?"

ನಾಗರಿಕ ಶಾಸ್ತ್ರದ ಹಿರಿಯ ಮಾಸ್ತರರನ್ನು ಬಿಟ್ಟು ಇನ್ನು ಯಾರನ್ನು ಕೇಳಬೇಕು? ಮಾಸ್ತರರು ಗಂಟಲು ಸರಿ ಮಾಡಿಕೊಂಡರು. ಉತ್ತರ ಅವರಿಗೆ ಬಾಯಿಪಾಠ ಬರುತ್ತಿತ್ತು. "ನೋಟಾಕ್ಕ ಎಷ್ಟ ಬಿದ್ರೂ ಲೆಕ್ಕಕ್ಕಿಲ್ಲರಿ. ನಿಂತಾವ್ರೊಳಗ ಯಾರಿಗೆ ಹೆಚ್ಚಿಗಿ ಬಿದ್ದಾವ ಅವ್ರ ಗೆದ್ದಂಗ."

"ಅಂದ್ರ ನೀವು ಗೆದ್ರಿ" ಎಂದರು ಮೇಡಂ.

"ಹೌದ್ರಿ" ಎಂದರು ಮಾಸ್ತರರು. ಮಕ್ಕಳು ನಿಯಮದ ಪ್ರಕಾರ ಚಪ್ಪಾಳೆ ತಟ್ಟಿದರು. ಅಷ್ಟು ಶಿಸ್ತಿನ ಚಪ್ಪಾಳೆಯನ್ನು ಅವರು ಆ ವರ್ಗದಿಂದ ಎಂದೂ ಕೇಳಿರಲಿಲ್ಲ. ಆ ಒಂದು ಕಾಳು ಯಾರದೆಂದು ಅವರಿಗೆ ಅನುಮಾನವಿರಲಿಲ್ಲ. ಬೀರಲಿಂಗನದು, ಅಂಕದ ಅಂಜಿಕೆಯದು. ಪ್ರೀತಿಯಿಂದ ಬಿದ್ದದ್ದು ಎಂದುಕೊಳ್ಳಲಿಕ್ಕೆ ಅದೊಂದಾದರೂ ಇರಲಿಲ್ಲ.

ಅರುಣಾ ಮಕ್ಕಳ ಕಡೆ ತಿರುಗಿದಳು. "ನಾ ಬೈಯೂದಿಲ್ಲ. ನನ್ನ ಪಾಠದಾಗ ಏನ್ ಕಮ್ಮಿ ಆತು, ಅಷ್ಟ ಹೇಳ್ರಿ. ಯಾಕ ಹಿಂಗ ಹಾಕಿದ್ರಿ?"

ನಸ್ರೀನ್ ತಲೆ ತಗ್ಗಿಸಿದಳು. ಕೊನೆಗೆ ಮಾಂತೇಶ ಎದ್ದ. ಅವನ ಕಣ್ಣಲ್ಲಿ ನೀರಿತ್ತು. "ಗುಪ್ತ ಮತದಾನರಿ ಟೀಚರ್. ಯಾರೂ ಕೇಳಬಾರದು, ಯಾರೂ ಹೇಳಬಾರದು. ನೀವ ಹೇಳೀರಿ."

ಅವಳು ತಲೆಯಾಡಿಸಿದಳು. ತಾನು ಕಲಿಸಿದ ಪಾಠಕ್ಕೆ ತಾನೇ ಎದುರಾಡುವಂತಿರಲಿಲ್ಲ. ಮಾಸ್ತರರಿಗೆ ಆಗ ಎಲ್ಲ ಒಂದೇ ಸಲ ಅರ್ಥವಾಯಿತು. ಮಕ್ಕಳು ಭಂಡಾರದ ಆಣೆ ಮುರಿದಿರಲಿಲ್ಲ. ಅರುಣಾ ಟೀಚರಿಗೆ ಹಾಕುವುದಿಲ್ಲ ಎಂದಿದ್ದರು, ಹಾಕಿರಲಿಲ್ಲ. ಆಣೆ ಹಾಕಿಸಿದವನಿಗೂ ಹಾಕಿರಲಿಲ್ಲ. ಇವರು ಚಾಪೆ ಕೆಳಗೆ ತೂರಿದರೆ ಅವು ರಂಗೋಲಿ ಕೆಳಗೆ ತೂರಿದ್ದವು. ಆ ದಾರಿ ತೋರಿಸಿದವಳು, ತನಗೇ ಗೊತ್ತಿಲ್ಲದೆ, ಇದೇ ಹುಡುಗಿ. ಇಷ್ಟು ಚೆನ್ನಾಗಿ ತಮ್ಮ ಒಂದು ಪಾಠವನ್ನಾದರೂ ಯಾವ ಮಕ್ಕಳಾದರೂ ಕಲಿತಿದ್ದವೇ? ಸೋತ ಅವಳ ಮೇಲೆ, ಖಾಲಿ ಭರಣಿಯ ಎದುರಿಗೆ ನಿಂತ ಅವಳ ಮೇಲೆ, ಗೆದ್ದ ಮಾಸ್ತರರಿಗೆ ಮತ್ತೆ ಹೊಟ್ಟೆಕಿಚ್ಚಾಯಿತು.

ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಅವರಿಬ್ಬರೇ ಇದ್ದರು. ಅರುಣಾ ಮತಯಂತ್ರದ ಡಬ್ಬಿಯನ್ನು ಬಿಚ್ಚಿ ರಟ್ಟನ್ನು ಮಡಚುತ್ತಿದ್ದಳು. ಬೆಂಚಿನ ಮೇಲೆ ಶಿವಗಂಗವ್ವನ ಸೀರೆ ಚೊಕ್ಕವಾಗಿ ಮಡಿಕೆಯಾಗಿ ಕೂತಿತ್ತು. ಚೀಟಿಗಳನ್ನೆಲ್ಲ ಕಿತ್ತು ಒಂದು ಲಕೋಟೆಗೆ ಹಾಕಿದ್ದಳು.

"ಇದನ್ನ ಅವ್ವಾರಿಗೆ ಕೊಟ್ಟಬಿಡ್ರಿ ಸರ್" ಎಂದಳು. "ಇನ್ನ ನಾನೂ ಪುಸ್ತಕಾನ ಓದಸ್ತೀನಿ. ಆಟಾ ಆಡಿಸಿ ಹುಡುಗೂರ್ ಮನಸ್ಸು ಕೆಡಿಸಿದೆ ಅನಸ್ತೈತಿ. ನಗತಿದ್ವು, ಅದಕ್ಕ ನಾ ಕಲ್ತಾವು ಅಂದಕೊಂಡೆ. ಪ್ರದರ್ಶನಕ್ಕ ನಿಮಗ ಏನರ ಹೊತಗೊಂಡು ಹೋಗೂದು ಇದ್ರ ಹೇಳ್ರಿ, ನಾ ಬರತೀನಿ."

ಇಷ್ಟು ತಿಂಗಳೂ ಮಾಸ್ತರರು ಬೇಡಿಕೊಂಡದ್ದು ಇದನ್ನೇ. ಗೋಡೆಯಾಚೆಯ ಗದ್ದಲ ನಿಲ್ಲಬೇಕು, ಸೀರೆ ಇಳಿಯಬೇಕು, ಅವಳು ತಮ್ಮ ಹಿಂದೆ ಸಾಮಾನು ಹೊತ್ತು ನಡೆಯಬೇಕು. ಎಲ್ಲ ಕೈಗೆ ಬಂದಿತ್ತು. ಬಾಯಿ ಮುಚ್ಚಿಕೊಂಡು ಕೂತರೆ ಸಾಯುವ ತನಕ ತಮ್ಮದೇ. ಮಕ್ಕಳು ಹೇಳುವುದಿಲ್ಲ, ಬೀರಲಿಂಗ ಹೇಳುವುದಿಲ್ಲ. ಹೊರಗೆ ಒಂಬತ್ತನೆಯ ಮಕ್ಕಳು ತಾಟು ಹಿಡಿದು ಸಾಲಿನಲ್ಲಿ ನಿಂತಿದ್ದರು. ಒಬ್ಬರೂ ಮಾತಾಡುತ್ತಿರಲಿಲ್ಲ. ಆಣೆ ಪಾಲಿಸಿದ ಮಕ್ಕಳು, ತಾವು ಪ್ರೀತಿಸಿದವಳ ಕಣ್ಣಲ್ಲಿ ನೀರು ತರಿಸಿದ ಮಕ್ಕಳು. ಮಾಸ್ತರರಿಗೆ ಅದನ್ನು ನೋಡುತ್ತ ಕೂಡಲಾಗಲಿಲ್ಲ.

"ಅವುಕ್ಕ ಭಂಡಾರ ಮುಟ್ಟಿಸಿದ್ದೆ" ಎಂದರು.

ಅರುಣಾಳ ಕೈ ನಿಂತಿತು. "ಯಾರ್ರಿ?"

"ನಾನ. ಬೀರಲಿಂಗನ ಕಡಿಂದ. ಐತವಾರ. ಅವುಕ್ಕ ಬ್ಯಾರೆ ದಾರಿ ಇರಲಿಲ್ಲ."

ಕುರಿ ಸಾಕುವವರ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಭಂಡಾರ ಎಂದರೇನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಮಾಸ್ತರರನ್ನು ನೋಡಿದಳು, ಕಿಟಕಿಯ ಹೊರಗೆ ಸಾಲು ನಿಂತ ಮಕ್ಕಳನ್ನು ನೋಡಿದಳು. ಮುಖದ ಬಣ್ಣ ತಿರುಗಿತು. ಬೈಯುತ್ತಾಳೆ, ಮೇಡಂ ಹತ್ತಿರ ಹೋಗುತ್ತಾಳೆ ಎಂದು ಮಾಸ್ತರರು ಸಿದ್ಧರಾಗಿ ಕೂತರು. ಬೈದಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು.

"ಏನಂತ ಆಣಿ ಮಾಡಿಸಿದ್ರಿ? ಮಾತು ಹೆಂಗಿತ್ತು?" ಎಂದು ಕೇಳಿದಳು.

"ಅರುಣಾ ಟೀಚರಿಗೆ ವೋಟ್ ಹಾಕೂದಿಲ್ಲ ಅಂತ."

"ಅಷ್ಟ?"

"ಅಷ್ಟ."

ಅವಳು ಕೈಯಲ್ಲಿದ್ದ ರಟ್ಟನ್ನು ತಿರುಗಿಸಿ ಮೂರನೆಯ ಗುಂಡಿಯನ್ನು ನೋಡಿದಳು. ಮಕ್ಕಳು ಹೇಗೆ ಪಾರಾದರೆಂದು ಹೊಳೆದಿರಬೇಕು. ತುಟಿಯ ಮೂಲೆಯಲ್ಲಿ ನಗು ಬಂದು, ಕಣ್ಣು ತುಂಬಿತು. ಸೀರೆಯನ್ನೂ ಲಕೋಟೆಯನ್ನೂ ಮತ್ತೆ ಎತ್ತಿಕೊಂಡು ಬಾಗಿಲ ತನಕ ಹೋದಳು. ಅಲ್ಲಿ ನಿಂತು ಹಿಂತಿರುಗಿ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ತಿಳಿಯದ ಲೆಕ್ಕ ಕೇಳುವ ಹುಡುಗಿಯ ಹಾಗೆ ಕೇಳಿದಳು.

"ಅಲ್ರಿ ಸರ್, ಹೆಂಗೂ ಆಣಿ ಮಾಡಸಾಕ ಹತ್ತಿದ್ರಿ. ಈರಬಸಪ್ಪ ಸರ್‌ಗೆ ಹಾಕತೀವಿ ಅಂತ ಯಾಕ ಮಾಡಿಸಲಿಲ್ಲರಿ?"

ಮಾಸ್ತರರು ಉತ್ತರ ಹುಡುಕಿದರು. ಶನಿವಾರ ಕಪಾಟಿನ ಮುಂದೆ ನಿಂತದ್ದನ್ನು, ಐತವಾರ ಅಂಗಡಿಯಲ್ಲಿ ಕೂತದ್ದನ್ನು, ಆ ರಾತ್ರಿಗಳನ್ನು ಎಲ್ಲ ತಿರುವಿ ನೋಡಿದರು. ಎಲ್ಲ ಕಡೆ ಅವಳ ಖಾಲಿ ಭರಣಿಯೊಂದೇ ಇತ್ತು. ತಮ್ಮ ಭರಣಿ ತುಂಬಿದ್ದನ್ನು ಅವರು ಒಂದು ಸಲವೂ ನೆನೆದಿರಲಿಲ್ಲ.

"ಅದು ನನಗ ಹೊಳೀಲೇ ಇಲ್ಲವಾ" ಎಂದರು.